ಗೋಡೆಗೆ ಮುಖ ಮಾಡಿದ ದೀಪ

ಏಳನೆಯ ಕಂತು

"ಎರಡು ಗಂಟೆ ಪಾಳಿಗೆ ಮುಂಚೆ ಆ ಲಾಗ್ ನಿಲ್ಲಬೇಕು. ಇಲ್ಲಿವರೆಗೆ ಬರೆದಿರೋದನ್ನೂ ಅಳಿಸಿಬಿಡಿ," ಎಂದ ಡೆಪ್ಯುಟಿ ಮ್ಯಾನೇಜರ್ ಜಯರಾಮಪ್ಪ.

ಕಂಪ್ಯೂಟರ್ ರೂಮಿನ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕೋದಂಡಪ್ಪ ಬರಿಗಾಲುಗಳನ್ನು ಒಂದಕ್ಕೊಂದು ಉಜ್ಜಿಕೊಂಡ. ಈ ಕೋಣೆಗೆ ಬರುವವರು ದೇವಸ್ಥಾನದ ಹಾಗೆ ಚಪ್ಪಲಿ ಹೊರಗೆ ಬಿಡಬೇಕು. ತೀರ್ಥಪ್ರಸಾದ ಮಾತ್ರ ಇಲ್ಲ, ಎ.ಸಿ.ಯ ಚಳಿಯೊಂದೇ. ಇಪ್ಪತ್ತಾರು ವರ್ಷ ರೈಲ್ವೆ ಪೊಲೀಸಿನಲ್ಲಿದ್ದು ಬಂಗಾರಪೇಟೆ ಪ್ಲಾಟ್‌ಫಾರಂ ಸವೆಸಿ, ನಿವೃತ್ತಿಯ ಮೇಲೆ ಗಣಿಯ ಕಾವಲಿಗೆ ಸೇರಿದವನ ಕಾಲುಗಳಿಗೆ ಇಂಥ ಚಳಿ ಹೊಸದು.

ಸೋಮವಾರ ಬೆಳಗಿನ ಪಾಳಿಗೆ ನಾಗಗುಟ್ಟೆ ಗಣಿಗೆ ಇಳಿದ ಕದಿರಪ್ಪ ಮನೆಗೆ ಬಂದಿರಲಿಲ್ಲ. ಆದರೆ ಮಧ್ಯಾಹ್ನ ಎರಡು ಐವತ್ತೊಂದಕ್ಕೆ ಅವನು ತನ್ನ ತಲೆದೀಪ ಮರಳಿಸಿ ಹೊರಗೆ ಹೋದನೆಂದು ಕಂಪ್ಯೂಟರ್ ಸಾಧಿಸುತ್ತಿತ್ತು. ಅದನ್ನು ನಂಬಿ, ಮಂಗಳವಾರ ಹುಡುಕಲು ಇಳಿದವರನ್ನು ಅರ್ಧ ದಾರಿಯಿಂದಲೇ ವಾಪಸು ಕರೆಸಿದ್ದರು. ಇವತ್ತು ಬುಧವಾರ.

"ಅಳಿಸೋದ್ಯಾಕೆ ಸಾರ್? ನಿಲ್ಲಿಸಿದ್ರೆ ಸಾಲದಾ?" ಕೇಳಿದಳು ಅನಸೂಯ. ಗಣಿಗೆ ಈ ಡೇಟಾಬೇಸ್ ತಂತ್ರಾಂಶ ಬರೆದುಕೊಟ್ಟ ಕಂಪನಿಯ ಇಂಜಿನಿಯರ್ ಅವಳು. ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದಳು.

"ಡಿಸ್ಕು ತುಂಬಿಹೋಗಿದೆ, ಅದಕ್ಕೆ. ಹೊರಗೆ ನೋಡಿ, ಸಾಲು ಗೇಟು ದಾಟಿದೆ. ಒಬ್ಬನಿಗೆ ದೀಪ ಕೊಡೋಕೆ ಮುಕ್ಕಾಲು ನಿಮಿಷ ಆದ್ರೆ ನಾನು ಗಣಿ ನಡೆಸೋದು ಹೇಗೆ?" ಜಯರಾಮಪ್ಪ ಗಡಿಯಾರ ನೋಡಿಕೊಂಡ. "ನೀವ್ಯಾಕೆ ಇಲ್ಲಿ ಕೂತಿದೀರಿ ಅಂತ ನನಗಿನ್ನೂ ಗೊತ್ತಾಗ್ಲಿಲ್ಲ, ಕೋದಂಡಪ್ಪನವರೇ."

"ಕಾಲು ನೋವು ಸಾಮಿ. ತಣ್ಣಗಿದ್ರೆ ಎಳೆತ ಕಮ್ಮಿ," ಎಂದ ಕೋದಂಡಪ್ಪ. ಚಳಿಯಲ್ಲಿ ಕಾಲುನೋವು ಹೆಚ್ಚುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಜಯರಾಮಪ್ಪ ಬಾಗಿಲು ದಡಾರನೆ ಎಳೆದುಕೊಂಡು ಹೋದ.

ಅಳಿಸಲು ಇಷ್ಟು ಅವಸರ ಪಡುವ ಮನುಷ್ಯನನ್ನು ಕಂಡರೆ ಕೋದಂಡಪ್ಪನಿಗೆ ಮೊದಲಿಂದಲೂ ಸೇರುತ್ತಿರಲಿಲ್ಲ. ಆದರೆ ಅವನ ಕಣ್ಣು ಸದ್ಯಕ್ಕೆ ಅನಸೂಯಳ ಮೇಲಿತ್ತು. ಲಾಗ್ ಎಂಬ ಮಾತು ಬಂದಾಗಲೆಲ್ಲ ಅವಳು ಪರದೆಯ ಕಡೆ ತಿರುಗುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವನು ಪ್ಲಾಟ್‌ಫಾರಂ ಮೇಲೆ ಬೇಕಾದಷ್ಟು ನೋಡಿದ್ದ.

"ಈ ಲಾಗು ಅಂದ್ರೆ ಏನಮ್ಮಾ? ನಂಗ್ ಅರ್ತ ಆಗೋ ಅಂಗೆ ಏಳು."

"ನಿಮ್ಮ ಸ್ಟೇಷನ್ನಲ್ಲಿ ಡೈರಿ ಬರೀತಿದ್ರಲ್ಲ ಸಾರ್, ಹಾಗೆ. ತಂತ್ರಾಂಶದಲ್ಲಿ ಎಲ್ಲಿ ತಪ್ಪಿದೆ ಅಂತ ಹುಡುಕೋಕೆ, ಅದು ಇಡೋ ಒಂದೊಂದು ಹೆಜ್ಜೇನೂ ಬರೆಸ್ತೀವಿ. ಡೀಬಗ್ ಲಾಗ್ ಅಂತೀವಿ. ಕೆಲಸ ಆದ್ಮೇಲೆ ಆರಿಸಿಬಿಡಬೇಕು."

"ಬರೆಯೋಕೆ ಇಷ್ಟೊತ್ ಯಾಕೆ?"

"ಬರೆಯೋ ರೀತಿ ಹಾಗಿದೆ. ಒಬ್ಬ ಕಾನ್‌ಸ್ಟೇಬಲ್ಲು ಡೈರೀಲಿ ಒಂದು ಸಾಲು ಬರೀತಾನೆ, ಎದ್ದು ಇನ್‌ಸ್ಪೆಕ್ಟರ್ ಮನೆಗೆ ಹೋಗಿ ಆ ಒಂದು ಸಾಲಿಗೆ ಸಹಿ ಹಾಕಿಸ್ಕೊಂಡು ಬರ್ತಾನೆ. ಆಮೇಲೆ ಎರಡನೇ ಸಾಲು. ಮತ್ತೆ ಅವ್ರ ಮನೆ. ಒಂದು ದೀಪ ಕೊಟ್ರೆ ಮುನ್ನೂರು ಸಾಲು ಸಾರ್. ಪ್ರತಿ ಸಾಲಿಗೂ ಡಿಸ್ಕು 'ಬರ್ಕೊಂಡೆ' ಅನ್ನೋವರ್ಗೂ ಇಡೀ ಗಣಿ ಕಾಯ್ತಾ ಇರತ್ತೆ."

ಕೋದಂಡಪ್ಪನಿಗೆ ನಗು ಬಂತು. ಅಂಥ ಇನ್‌ಸ್ಪೆಕ್ಟರೊಬ್ಬನ ಕೈಕೆಳಗೆ ಅವನು ಮೂರು ವರ್ಷ ಒದ್ದಾಡಿದ್ದ.

"ಸರಿ. ಇದನ್ನ ಅಚ್ಚಿದ್ದು ಯಾರು?"

ಅನಸೂಯ ಪರದೆಯ ಕಡೆ ತಿರುಗಿದಳು.

"ನಾನೇ ಸಾರ್," ಎಂದಳು ಕೊನೆಗೆ. "ಹದಿನೈದು ದಿನದ ಹಿಂದೆ. ಎರಡು ದೀಪಕ್ಕೆ ಒಂದೇ ನಂಬರ್ ಬರ್ತಿತ್ತು, ಅದನ್ನ ಹುಡುಕೋಕೆ ಹಚ್ಚಿದೆ. ಸಿಕ್ತು, ಸರಿಮಾಡಿದೆ. ಅಷ್ಟರಲ್ಲಿ ಐದೂವರೆ ಆಗಿತ್ತು. ಸಂಜೆ ಗಾಡಿ ತಪ್ಪಿದ್ರೆ ಮನೆ ಸೇರೋದು ರಾತ್ರಿ ಒಂಬತ್ತಾಗತ್ತೆ, ಹಾಲು ಕರೆಯೋಕೆ ಅವ್ವ ಒಬ್ಳೇ. ಊರಿಗಾಂ ಸ್ಟೇಷನ್‌ಗೆ ಓಡಿಬಿಟ್ಟೆ. ಆರಿಸೋದು ಮರ್ತೇಹೋಯ್ತು."

ಹೇಳಿದ ಮೇಲೆ ಅವಳ ಮುಖ ಕೆಂಪಾಯಿತು. ಜಯರಾಮಪ್ಪನಿಗೆ ತಿಳಿದರೆ ಕೆಲಸ ಹೋಗುವುದು ಖಂಡಿತ. ಗೇಟಿನವರೆಗೆ ನಿಂತ ಸಾಲು, ಎರಡು ವಾರದ ಬೈಗುಳ ಎಲ್ಲವೂ ಒಂದು ರೈಲು ಹಿಡಿಯುವ ಆತುರದಿಂದ ಆದದ್ದು. ಕೋದಂಡಪ್ಪನಿಗೆ ಅಯ್ಯೋ ಅನಿಸಿತು. ಆದರೂ ಅನುಮಾನದ ಪಟ್ಟಿಯಿಂದ ಅವಳ ಹೆಸರನ್ನು ಪೂರ್ತಿ ಹೊಡೆದುಹಾಕಲಿಲ್ಲ. ಅವನು ಯಾರ ಹೆಸರನ್ನೂ ಅಷ್ಟು ಸುಲಭವಾಗಿ ಹೊಡೆದುಹಾಕುವವನಲ್ಲ.

"ಅಂಗಾದ್ರೆ ಸೋಮ್ವಾರ ಮಧ್ಯಾನ ನಡೆದದ್ದೂ ಇದ್ರಾಗೆ ಐತೆ ಅಂತಾಯ್ತು?"

"ಎಲ್ಲಾ ಇದೆ ಸಾರ್. ಡೇಟಾಬೇಸಲ್ಲಿ ಕೊನೆಗೆ ಏನಾಯ್ತು ಅನ್ನೋದು ಮಾತ್ರ ಉಳಿಯತ್ತೆ. ಲಾಗಲ್ಲಿ ಯಾರು ಏನು ಕೇಳಿದ್ರು ಅನ್ನೋದೂ ಉಳಿಯತ್ತೆ."

"ತೆಗಿ ಮತ್ತೆ."

ಸಾಲುಗಳು ಪರದೆಯ ಮೇಲೆ ಇರುವೆಗಳ ಹಾಗೆ ಏರತೊಡಗಿದವು. ಕೋದಂಡಪ್ಪನಿಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ, ಗಡಿಯಾರದ ಅಂಕಿಗಳು ಮಾತ್ರ ತಿಳಿದವು. ಅನಸೂಯಳ ಬೆರಳು ಒಂದು ಕಡೆ ನಿಂತಿತು.

"ಎರಡು ಐವತ್ತೊಂದು. 614ನೇ ದೀಪ ವಾಪಸು. ಅದು ಕದಿರಪ್ಪಂದೇ. ನಮೂದು ಆಗಿರೋದು ಪೆರುಮಾಳ್ ಹೆಸರಲ್ಲಿ."

ಪೆರುಮಾಳ್ ಲ್ಯಾಂಪ್ ರೂಮಿನ ಯಜಮಾನ. ಮೂವತ್ತು ವರ್ಷದಿಂದ ದೀಪ ಕೊಟ್ಟು ದೀಪ ಇಸಿದುಕೊಳ್ಳುವವನು. ನಮೂದು ತಪ್ಪಿದ್ದರೆ ಅದು ಅವನದೇ ಕೆಲಸ ಎಂದು ಗಣಿ ಕಂಪನಿ ನಿನ್ನೆಯಿಂದ ಮಾತಾಡುತ್ತಿತ್ತು. "ಪೆರುಮಾಳನ ಪಾಸ್‌ವರ್ಡು ಯಾರಿಗ್ ಗೊತ್ತಿಲ್ಲ? ಮರೀಬಾರ್ದು ಅಂತ ಗೋಡೆ ಮ್ಯಾಕೆ ಸೀಮೆಸುಣ್ಣದಾಗೆ ಬರ್ದವ್ನೆ," ಎಂದ ಕೋದಂಡಪ್ಪ. "ಅದಕ್ ಮುಂಚೆ ಏನೈತೆ ನೋಡು."

ಅವಳು ಹಿಂದಕ್ಕೆ ಹೋದಳು. ಹೋಗುತ್ತಾ ಹೋಗುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಎರಡು ಮೂವತ್ತೆಂಟು. ಅದೇ ಪೆರುಮಾಳ್ ಹೆಸರಲ್ಲಿ ಒಂದು ಪ್ರಶ್ನೆ. ಆರು ತಿಂಗಳಿಂದ ಯಾರಿಗೂ ಕೊಡದೆ ಇರೋ ದೀಪ ಯಾವುದು? ಉತ್ತರ ಬಂದಿರೋದು ಒಂದೇ ಸಾರ್, 388."

"ಯಾವ ಪೆಟ್ಟಿಗೆ ಮುಂದೆ ಕೂತು ಕೇಳವ್ರೆ?"

"ಲ್ಯಾಂಪ್ ರೂಮಿನ ಟರ್ಮಿನಲ್ಲುಗಳು ಒಂದು ಮತ್ತು ಎರಡು. ಇದು ಏಳು." ಅವಳು ದನಿ ತಗ್ಗಿಸಿದಳು. "ಏಳು ಇರೋದು ಜಯರಾಮಪ್ಪನವರ ರೂಮಲ್ಲಿ."

ಕೋದಂಡಪ್ಪ ಎದ್ದು ನಿಂತ. ಕಾಲು ನೋವು ಎಲ್ಲಿ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ.

"ಆವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಸಾಲು ಬೇಗ ಕರಗಬೇಕು, ಲಾಗೂ ಇರಬೇಕು. ಆಯ್ತದಾ?"

"ಆಗತ್ತೆ ಸಾರ್. ಕಾನ್‌ಸ್ಟೇಬಲ್ಲು ಸಾಲು ಸಾಲಿಗೂ ಓಡೋದು ಬೇಡ. ಜೇಬಿನ ಪುಸ್ತಕದಲ್ಲಿ ಬರ್ಕೊಳ್ತಾ ಇರ್ಲಿ, ಒಟ್ಟಿಗೆ ಒಂದ್ ಸಲ ಹೋಗಿ ಸಹಿ ಹಾಕಿಸ್ಕೊಂಡು ಬರ್ಲಿ. ನಾಲ್ಕು ಸಾಲಿನ ತಿದ್ದುಪಡಿ. ಹಳೇದನ್ನೆಲ್ಲ ಟೇಪಿಗೆ ಇಳಿಸಿ ನಿಮ್ಮ ಕೈಗೆ ಕೊಡ್ತೀನಿ. ಆಮೇಲೆ ಅವ್ರು ಡಿಸ್ಕಲ್ಲಿ ಏನಾದ್ರೂ ಅಳಿಸ್ಕೊಳ್ಲಿ."

"ಮಧ್ಯ ಕರೆಂಟ್ ಓದ್ರೆ?"

"ಜೇಬಲ್ಲಿದ್ದದ್ದು ಹೋಯ್ತು. ಅದಕ್ಕೇ ಅರ್ಧ ನಿಮಿಷಕ್ಕೊಂದು ಸಲ ಜೇಬು ಖಾಲಿ ಮಾಡಿಸ್ತೀನಿ."

ಅರ್ಧ ನಿಮಿಷದಲ್ಲಿ ಏನೇನು ಮುಚ್ಚಿಹೋಗಬಹುದೆಂದು ಕೋದಂಡಪ್ಪ ಯೋಚಿಸಿದ. ಬೇರೆ ದಾರಿಯೂ ಇರಲಿಲ್ಲ. ಟೇಪನ್ನು ಬಟ್ಟೆಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ತುರುಕಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಬಂದ.

ಗೇಟಿನ ಪಕ್ಕದ ಬೇವಿನ ನೆರಳಲ್ಲಿ ಕದಿರಪ್ಪನ ಹೆಂಡತಿ ಮುನಿನಾರಾಯಣಮ್ಮ ನಿನ್ನೆಯ ಹಾಗೇ ಕೂತಿದ್ದಳು. ಅವನನ್ನು ಕಂಡು ಎದ್ದಳು.

"ಅಣ್ಣಾ, ಆ ಪೆಟ್ಗೆ ಏಳ್ತೈತಂತೆ, ನಮ್ಮೋರು ಮ್ಯಾಕೆ ಬಂದ್ಬುಟ್ಟವ್ರೆ ಅಂತ. ಬಂದಿದ್ರೆ ಮನೇಗ್ ಬರ್ದೆ ಎಲ್ಲಿಗೋಗ್ತಾರೆ? ಒಂದು ಕ್ಯಾನು ನೀರು ಅಷ್ಟೇ ಅವ್ರತ್ರ ಇದ್ದಿದ್ದು. ಎಲ್ಡು ದಿನ ಆಯ್ತು."

"ಮುಚ್ಚಿದ ಸುರಂಗದಾಗೆ ಯಾರೋ ಓಡಾಡ್ತಾರೆ ಅಂತ ಭಾನ್ವಾರ ನಿನ್ ಗಂಡ ನಿಂಗ್ ಏಳಿದ್ನಲ್ಲ, ಇನ್ಯಾರ್ಗಾದ್ರೂ ಏಳಿದ್ನಾ?"

"ಗೊತ್ತಿಲ್ಲಣ್ಣ. ಸೋಮ್ವಾರ ಮೇಲಿನೋರ್ಗೆ ಏಳ್ತೀನಿ ಅಂತಿದ್ರು."

ಮೇಲಿನವರು ಎಂದರೆ ಯಾರು ಎಂದು ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಅವಳ ಭುಜ ತಟ್ಟಿ, "ಇಲ್ಲೇ ಇರವ್ವ, ಬತ್ತೀನಿ," ಎಂದು ಲ್ಯಾಂಪ್ ರೂಮಿನ ಕಡೆ ಹೆಜ್ಜೆ ಹಾಕಿದ. ಎರಡು ದಿನಕ್ಕೆ ಒಂದು ಕ್ಯಾನು ನೀರು ಎಂಬುದು ಅವನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು.

ಒಳಗೆ ಸಾಲುಸಾಲು ಕೊಕ್ಕೆಗಳಲ್ಲಿ ದೀಪಗಳು, ಕೆಳಗೆ ಚಾರ್ಜಾಗುತ್ತಿರುವ ಬ್ಯಾಟರಿಗಳು. ಆಸಿಡ್ಡಿನ ಹುಳಿ ವಾಸನೆ. ತಿದ್ದುಪಡಿಗೆಂದು ಅನಸೂಯ ಕಂಪ್ಯೂಟರ್ ನಿಲ್ಲಿಸಿದ್ದರಿಂದ ಪೆರುಮಾಳ್ ಸ್ಲೇಟಿನ ಮೇಲೆ ನಂಬರು ಗೀಚುತ್ತಾ ದೀಪ ಕೊಡುತ್ತಿದ್ದ. ಕಿಟಕಿಯಾಚೆ ಐವತ್ತು ಜನ ಗೊಣಗುತ್ತಿದ್ದರು. ಜಯರಾಮಪ್ಪ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತಿದ್ದ.

"ಪೆರುಮಾಳೂ, 388 ಯಾವ್ದಪ್ಪ?" ಕೇಳಿದ ಕೋದಂಡಪ್ಪ.

ಸ್ಲೇಟಿನ ಮೇಲಿನ ಕೈ ನಿಂತಿತು. ಕಿಟಕಿಯಾಚೆಯ ಗೊಣಗೂ ನಿಂತಿತು.

"ಏನಕ್ಕೆ ಸಾರ್ ಅದು ಈಗ?"

"ತೋರ್ಸು."

ಪೆರುಮಾಳ್ ತೋರಿಸಲಿಲ್ಲ. ತೋರಿಸುವ ಅಗತ್ಯವೂ ಇರಲಿಲ್ಲ, ಎಲ್ಲರ ಕಣ್ಣೂ ಮೂಲೆಗೆ ಹೋದವು. ಅಲ್ಲಿ ಒಂದು ಕೊಕ್ಕೆಗೆ ಕೆಂಪು ಟವೆಲ್ಲು ಸುತ್ತಿದ ಗಂಟೊಂದು ತೂಗುತ್ತಿತ್ತು. ನಾಗಗುಟ್ಟೆಯಲ್ಲಿ ಒಬ್ಬ ಕೆಳಗೆ ಸತ್ತರೆ ಅವನ ದೀಪವನ್ನು ಗೋಡೆಗೆ ಮುಖ ಮಾಡಿ ನೇತುಹಾಕಿ, ಅವನದೇ ಟವೆಲ್ಲು ಹೊದಿಸುತ್ತಾರೆ. ವರ್ಷದ ತಿಥಿಯಾಗುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ, ಆ ನಂಬರನ್ನು ಬಾಯಲ್ಲಿ ಆಡುವುದೂ ಇಲ್ಲ.

"ನನ್ ತಂಬಿ ಆರುಮುಗಂದು ಸಾರ್. ಬಂಡೆ ಸಿಡಿದು ಓದ್ನಲ್ಲ, ಎಂಟು ತಿಂಗ್ಳಾಯ್ತು. ತಿವಸಂ ಆಗೋ ವರ್ಕೂ ಮುಟ್ಟಕೂಡದು."

"ನಂಗೂ ಗೊತ್ತು. ಆದ್ರೂ ಬಿಚ್ಚು. ಪಾಪ ಬಂದ್ರೆ ನನ್ ತಲೆ ಮ್ಯಾಕೆ."

"ಇದೆಲ್ಲ ಏನು ನಾಟಕ?" ಜಯರಾಮಪ್ಪ ಮುಂದೆ ಬಂದ. "ಪಾಳಿ ತಡ ಆಗ್ತಿದೆ. ಜನ ಇದನ್ನ ನೋಡಿದ್ರೆ ಇವತ್ತು ಯಾರೂ ಇಳಿಯಲ್ಲ."

"ಇಳೀತಾರೆ ಬಿಡಿ ಸಾಮಿ. ಒಂದು ನಿಮಿಷ."

ಪೆರುಮಾಳ್ ಕಣ್ಣಿಗೊತ್ತಿಕೊಂಡು ಟವೆಲ್ಲಿನ ಗಂಟು ಬಿಚ್ಚಿದ. ಅದರೊಳಗಿಂದ ಅರ್ಧ ಇಟ್ಟಿಗೆಯೊಂದು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ದೀಪ ಇರಲಿಲ್ಲ.

ಪೆರುಮಾಳ್ ಖಾಲಿ ಟವೆಲ್ಲನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ. "ಸತ್ತೋನ್ದೂ ಬಿಡ್ಲಿಲ್ವಾ ಸಾರ್," ಎಂದು ಅತ್ತ. ಕಿಟಕಿಯಾಚೆ ಒಬ್ಬೊಬ್ಬರೇ ತಲೆಯ ಟೋಪಿ ತೆಗೆದರು.

"ಅಳು ಆಮ್ಯಾಕೆ. ಕದಿರಪ್ಪಂದು 614 ಅಂತ ಒಂದು ದೀಪ ಬಂದು ಕೂತೈತಲ್ಲ, ಅದರ ಮ್ಯಾಕೆ ನಿಂಗೇನಾದ್ರೂ ಅನುಮಾನ ಬಂದಿತ್ತಾ?"

ಪೆರುಮಾಳ್ ಮೂಗು ಒರೆಸಿಕೊಂಡ. "ಚಾರ್ಜ್ ಇಡೀತಿಲ್ಲ ಸಾರ್. ನಿನ್ನೆಯಿಂದ ಏಳ್ತಾನೇ ಇದೀನಿ, ಯಾರ್ ಕೇಳ್ತಾರೆ? ತುಂಬ ದಿನ ಸುಮ್ನೆ ಬಿದ್ದಿರೋ ಬ್ಯಾಟ್ರಿ ಅಂಗೆ ಸತ್ತೋಗಿದೆ. ಸೋಮಾರ ಬೆಳಿಗ್ಗೆ ನಾನೇ ಕದಿರಪ್ಪನ್ಗೆ ಕೊಟ್ಟಾಗ ಜಗಜಗ ಅಂತಿತ್ತು."

ಹೇಳುತ್ತಿದ್ದ ಹಾಗೇ ಅವನಿಗೆ ಅರ್ಥವಾಯಿತು. ಎದ್ದು ಓಡಿ 614ನ್ನು ಕೊಕ್ಕೆಯಿಂದ ಇಳಿಸಿ ಬ್ಯಾಟರಿಯ ಮುಚ್ಚಳ ತೆಗೆದ. ಹೊರಗೆ ಯಾರೋ ಹೊಸದಾಗಿ ಸಿಕ್ಕಿಸಿದ್ದ ಹಿತ್ತಾಳೆ ಬಿಲ್ಲೆಯ ಮೇಲೆ 614 ಎಂದಿತ್ತು. ಮುಚ್ಚಳದ ಒಳಮೈಯಲ್ಲಿ ಉಳಿಯಿಂದ ಕೆತ್ತಿದ ಹಳೆಯ ನಂಬರು 388.

ಕೋದಂಡಪ್ಪ ಅದನ್ನು ತೆಗೆದುಕೊಂಡು ಜಯರಾಮಪ್ಪನ ಮುಖದ ಮುಂದೆ ಹಿಡಿದ.

"ಕದಿರಪ್ಪನ ದೀಪ ಮ್ಯಾಕೆ ಬಂದಿಲ್ಲ ಸಾಮಿ. ಅಂದ್ರೆ ಕದಿರಪ್ಪನೂ ಬಂದಿಲ್ಲ."

"ಹಾಗಾದ್ರೆ ಇದು ಪೆರುಮಾಳಂದೇ ಕೆಲಸ. ನಮೂದು ಅವನ ಹೆಸರಲ್ಲೇ ಇದೆ."

"ಐತೆ. ಅದಕ್ ಮುಂಚೆ ಅದೇ ಎಸರಲ್ಲಿ ಯಾರೋ ಕಂಪ್ಯೂಟರ್‌ನ ಕೇಳವ್ರೆ, ಆರು ತಿಂಗಳಿಂದ ಯಾರಿಗೂ ಕೊಡ್ದೆ ಇರೋ ದೀಪ ಯಾವ್ದು ಅಂತ. ಸ್ವಂತ ತಮ್ಮನ ದೀಪಕ್ಕೆ ದಿನಾ ಕೈಮುಗಿಯೋನು ಅದನ್ನ ಕಂಪ್ಯೂಟರ್ ಕೇಳಿ ತಿಳ್ಕೋಬೇಕಾ?"

ಜಯರಾಮಪ್ಪ ನೆಲದ ಮೇಲಿನ ಇಟ್ಟಿಗೆ ಹೋಳುಗಳ ಕಡೆ ನೋಡಿದ.

"ಕೇಳಿರೋದು ಏಳನೇ ಟರ್ಮಿನಲ್ಲಿಂದ. ನಿಮ್ ರೂಮಿಂದು."

"ಸೋಮವಾರ ಒಂದೂವರೆಯಿಂದ ನಾಲ್ಕರವರೆಗೆ ನಾನು ಊರಿಗಾಂನಲ್ಲಿ ಮೀಟಿಂಗಲ್ಲಿದ್ದೆ. ಹತ್ತು ಜನ ಸಾಕ್ಷಿ ಇದ್ದಾರೆ. ರೂಮಿಗೆ ಬೀಗ ಹಾಕಿದ್ದೆ, ಬೀಗದ ಕೈ ನನ್ನ ಹತ್ರಾನೇ ಇತ್ತು."

ಇಷ್ಟು ಅಚ್ಚುಕಟ್ಟಾದ ಉತ್ತರ ಕೋದಂಡಪ್ಪನಿಗೆ ಹಿಡಿಸಲಿಲ್ಲ. ನಿಜ ಹೇಳುವವನು ಒಂದೆರಡು ಕಡೆ ತಡವರಿಸುತ್ತಾನೆ. ಆದರೆ ವಾದಕ್ಕೆ ಹೊತ್ತಿರಲಿಲ್ಲ.

"ಅದನ್ನ ಆಮ್ಯಾಕೆ ನೋಡಾನ. ಕಂಪ್ಯೂಟರ್ ಏಳಿದ್ದಕ್ಕೆ ಮ್ಯಾಕೆ ಕರೆಸ್ಕೊಂಡ್ರಿ, ಈಗ ಕಂಪ್ಯೂಟರ್ರೇ ಏಳ್ತೈತೆ, ಕೆಳಕ್ಕೆ ಕಳ್ಸಿ."

ಐವತ್ತು ಜನ ಕಿಟಕಿಯಿಂದ ಜಯರಾಮಪ್ಪನನ್ನೇ ನೋಡುತ್ತಿದ್ದರು. ಅವನು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ, ಮೂರು ಜನರ ಹೆಸರು ಕೂಗಿದ.

"ನಾಲ್ಕನೇವ್ನು ನಾನು," ಎಂದ ಪೆರುಮಾಳ್. ತನ್ನದೇ ಹನ್ನೆರಡನೇ ನಂಬರಿನ ದೀಪ ಇಳಿಸಿಕೊಂಡು ಟೋಪಿಗೆ ಸಿಕ್ಕಿಸಿದ, ತಮ್ಮನ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡ. "ಆ ಅಳೇ ಸುರಂಗ ನಂಗ್ ಗೊತ್ತು. ಕಳ್ಳ ಅಂದ್ರಲ್ಲ ಸಾರ್ ನನ್ನ. ಕದಿರಪ್ಪನ್ನ ಕರ್ಕೊಂಡೇ ಬತ್ತೀನಿ."

ಎರಡು ನಲವತ್ತಕ್ಕೆ ಶಾಫ್ಟಿನ ಬಾಯಲ್ಲಿ ಗಂಟೆಯಾಯಿತು. ನಾಲ್ಕು ತಲೆದೀಪಗಳು ಕೇಜಿನ ಎರಡಂತಸ್ತಿನ ಪಂಜರದಲ್ಲಿ, ಕೆಳಗೆ ಮೂರು, ಮೇಲಂತಸ್ತಿನಲ್ಲಿ ಪೆರುಮಾಳನದೊಂದು, ಕತ್ತಲಿಗೆ ಇಳಿದವು. ಗೇಟಿನ ಬಳಿ ಮುನಿನಾರಾಯಣಮ್ಮ ಎದ್ದು ನಿಂತು ಕೈಮುಗಿದಿದ್ದಳು.

"ಬನ್ನಿ ಸಾಮಿ, ನಿಮ್ ಸಾಲು ಕರಗೋದು ನೋಡಾನ," ಎಂದು ಕೋದಂಡಪ್ಪ ಜಯರಾಮಪ್ಪನನ್ನು ಕಂಪ್ಯೂಟರ್ ರೂಮಿಗೆ ಕರೆತಂದ. ಮರ್ಯಾದೆಗೆ ಕರೆದದ್ದಲ್ಲ. ಈ ಮನುಷ್ಯ ಕಣ್ಣ ಮುಂದೆಯೇ ಇರಲಿ ಎಂಬ ಲೆಕ್ಕ. ಚಪ್ಪಲಿ, ಬೂಟು ಎರಡೂ ಬಾಗಿಲ ಹೊರಗೆ ಅಕ್ಕಪಕ್ಕ ಕೂತವು.

ಅನಸೂಯ ಆಗಲೇ ತಂತ್ರಾಂಶವನ್ನು ಮತ್ತೆ ಓಡಿಸಿದ್ದಳು. ಲ್ಯಾಂಪ್ ರೂಮಿನಲ್ಲಿ ಪೆರುಮಾಳನ ಸಹಾಯಕ ನಂಬರು ಒತ್ತಿದ ಕೂಡಲೇ ದೀಪ ಆಚೆ ಹೋಗುತ್ತಿತ್ತು. ಐದು ನಿಮಿಷದಲ್ಲಿ ಸಾಲು ಗೇಟಿನಿಂದ ಒಳಕ್ಕೆ ಬಂತು.

"ಲಾಗ್ ನಿಲ್ಲಿಸಿದ್ರಾ?" ಕೇಳಿದ ಜಯರಾಮಪ್ಪ.

"ಇಲ್ಲ ಸಾರ್. ಬರೆಯೋ ರೀತಿ ಬದಲಾಯಿಸಿದೆ. ಅದನ್ನ ಮರೆತು ಬಿಟ್ಟಿದ್ದು ನಾನೇ, ತಪ್ಪು ನಂದೇ," ಎಂದಳು ಅನಸೂಯ ಒಂದೇ ಉಸಿರಿಗೆ.

ಅವನು ಬೈಯುತ್ತಾನೆಂದು ಕೋದಂಡಪ್ಪ ಕಾದ. ಜಯರಾಮಪ್ಪ ಬೈಯಲಿಲ್ಲ, ಕುರ್ಚಿಯಲ್ಲಿ ಕುಸಿದು ಕೂತು ನೀರು ಕೇಳಿದ. ಬೆವರು ಈ ಚಳಿಯಲ್ಲೂ ಇಳಿಯುತ್ತಿತ್ತು. ತಪ್ಪು ಮಾಡಿದವನಿಗೆ ಬರುವ ಬೆವರೋ, ಹೆದರಿದವನಿಗೆ ಬರುವ ಬೆವರೋ, ಕೋದಂಡಪ್ಪನಿಗೆ ಮೊದಲ ಸಲ ಅನುಮಾನ ಬಂತು.

ಪರದೆಯ ಮೇಲೆ ಅರ್ಧ ನಿಮಿಷದ ಕಟ್ಟೊಂದು ಬಂದು ಬಿತ್ತು. ಅನಸೂಯ ಅಭ್ಯಾಸದಿಂದ ಕಣ್ಣಾಡಿಸಿದಳು. ಮತ್ತೆ ಮೊದಲಿಂದ ಓದಿದಳು.

"ಸಾರ್, 12ನೇ ದೀಪ ಯಾರ್ದು?"

"ಪೆರುಮಾಳಂದು. ಯಾಕೆ?"

"ಎರಡು ನಲವತ್ತೇಳಕ್ಕೆ ವಾಪಸು ಬಂದಿದೆ ಅಂತಿದೆ. ಈಗ ಒಂದು ನಿಮಿಷದ ಹಿಂದೆ. ನಮೂದು ಪೆರುಮಾಳ್ ಹೆಸರಲ್ಲೇ." ಅವಳು ಸಾಲಿನ ಕೊನೆ ನೋಡಿದಳು. "ಟರ್ಮಿನಲ್ಲು ಏಳು."

ಕೋದಂಡಪ್ಪ ಜಯರಾಮಪ್ಪನ ಕಡೆ ತಿರುಗಿದ. ಅವನು ನೀರಿನ ಲೋಟ ಕೆಳಗಿಟ್ಟು ಜೇಬಿನ ಬೀಗದ ಕೈ ಮುಟ್ಟಿ ನೋಡಿಕೊಂಡ. ಏಳು ನಿಮಿಷದಿಂದ ಆ ಮನುಷ್ಯ ತನ್ನಿಂದ ಎರಡು ಮೊಳ ದೂರ ಸರಿದಿರಲಿಲ್ಲ.

"ಬೀಗ ಹಾಕೇ ಬಂದೆ," ಎಂದ ಜಯರಾಮಪ್ಪ. "ದೇವರಾಣೆ."

ಬೀಗ ಹಾಕಿದ ಆ ರೂಮಿನಲ್ಲಿ ಯಾರೋ ಕೂತಿದ್ದಾರೆ. ಓಡಿದರೆ ಸಿಕ್ಕಿಬೀಳಬಹುದು. ಆದರೆ ಕದಿರಪ್ಪನ ದೀಪಕ್ಕೂ ಹೀಗೇ ಬರೆದಿದ್ದರು. ಕೋದಂಡಪ್ಪ ಓಡಲಿಲ್ಲ, ಫೋನೆತ್ತಿ ಶಾಫ್ಟಿಗೆ ತಿರುಗಿಸಿದ. ಗಂಟೆ ಹೊಡೆಯುವ ಬಚ್ಚಪ್ಪ ಎತ್ತಿಕೊಂಡ.

"ಬಚ್ಚಪ್ಪಾ, ಕೇಜು ನಿಲ್ಸು. ಮ್ಯಾಕೆ ಎಳ್ಕೋ."

"ಆಗ್ಲೇ ತಳ ಮುಟ್ತಲ್ಲ ಸಾರ್. ಎಲ್ಲೂ ನಿಲ್ಲಿಸ್ದೆ ಒಂದೇ ಸಮ ಬಿಟ್ಟೆ. ಇಳುದ್ವಿ ಅಂತ ಕೆಳಗಿಂದ ಈಗ ಫೋನ್ ಬಂತು."

"ಎಷ್ಟು ಜನ ಇಳುದ್ರಂತೆ?"

ಬಚ್ಚಪ್ಪ ಇನ್ನೊಂದು ಫೋನಿನಲ್ಲಿ ಕೆಳಗಿನವರನ್ನು ವಿಚಾರಿಸುವುದು ಕೇಳಿಸಿತು.

"ಮೂರು ಜನ ಸಾರ್," ಎಂದ ಬಚ್ಚಪ್ಪ. "ಪೆರುಮಾಳ್ ಮೇಲೇ ಉಳುದ್ನಾ ಅಂತ ಅವ್ರು ನನ್ನೇ ಕೇಳ್ತಾವ್ರೆ."